ಮುಂಬೈ ಲೋಕಲ್‌ನ ಟಿಕೆಟ್ ಕಿಟಕಿ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿತು, ಅದರ ಬೆನ್ನಲ್ಲೇ ಮುಂಬೈಗೆ ಬುಕಿಂಗ್ ಗುಮಾಸ್ತನ ನೌಕರಿಯೂ ಬಂತು. ದೀರ್ಘಕಾಲ ಅವನು ಮಾರಿದ್ದು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ರೂಪಿಸಿದ ಪುಟ್ಟ ರಟ್ಟಿನ ಟಿಕೆಟ್. ಊರು, ದರ್ಜೆ, ದರ, ಕ್ರಮಸಂಖ್ಯೆ ಮೊದಲೇ ಅಚ್ಚಾಗಿರುತ್ತಿದ್ದವು. ಕಪಾಟಿನ ಗೂಡಿನಿಂದ ಒಂದನ್ನು ಎಳೆದು, ತಾರೀಖಿನ ಯಂತ್ರದಲ್ಲಿ ಟಕ್ಕೆಂದು ಒತ್ತಿ, ಚಿಲ್ಲರೆಯೊಡನೆ ಕಿಟಕಿಯಾಚೆ ಸರಿಸಬೇಕಿತ್ತು. ಪಾಳಿ ಮುಗಿದಾಗ ಪ್ರತಿ ಗೂಡಿನ ಮೊದಲ, ಕೊನೆಯ ಸಂಖ್ಯೆ ನೋಡಿ ಮಾರಾಟಕ್ಕೂ ನಗದಿಗೂ ತಾಳೆ ಹಾಕಬೇಕಿತ್ತು. ಕಡಿಮೆ ಬಿದ್ದರೆ ಜೇಬಿನಿಂದಲೇ ತುಂಬಬೇಕಿತ್ತು. ಸಾಲು ಬೆಳೆಯುತ್ತಿರುವಾಗಲೂ ತಪ್ಪದೆ ಎಣಿಸುವ ಈ ಕಸುಬಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಕಂಪ್ಯೂಟರ್ ಬಂದು ರಟ್ಟಿನ ಟಿಕೆಟ್ ಮರೆಯಾಯಿತು. ಕೂಪನ್ ಯಂತ್ರ, ಸ್ಮಾರ್ಟ್ ಕಾರ್ಡ್ ಯಂತ್ರಗಳೂ ಬಂದವು. 2014ರಲ್ಲಿ ಮೊಬೈಲ್ ಟಿಕೆಟ್ ಶುರುವಾಯಿತು. ಆದರೂ ನಗದು ಕೊಟ್ಟು ಟಿಕೆಟ್, ಪಾಸು ಪಡೆಯುವವರಿಗೆ ಗುಮಾಸ್ತನ ಕಿಟಕಿ ಇಂದಿಗೂ ಬೇಕು.