ಗ್ರಾಫಿಕ್ಸ್ ಕಾರ್ಡ್ ಪತ್ತೆ ದೋಷ

ಕಂಪ್ಯೂಟರಿಗೆ ಜೋಡಿಸಿದ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣಾ ವ್ಯವಸ್ಥೆಗಳು ಗುರುತಿಸದಿರುವ ದೋಷ. ಫ್ಯಾನ್ ತಿರುಗುತ್ತಿದ್ದರೂ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿರಬೇಕಾದ ಕಡೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿರಬಹುದು, ಇಲ್ಲವೇ ಕಾರ್ಡಿನ ಸುಳಿವೇ ಇರದಿರಬಹುದು. ಮೊದಲನೆಯದು ಸಾಮಾನ್ಯವಾಗಿ ಡ್ರೈವರ್ ತೊಂದರೆ. ಎರಡನೆಯದು ಸ್ಲಾಟ್, ಪವರ್ ಅಥವಾ ಬಯಾಸ್‌ಗೆ ಸಂಬಂಧಿಸಿದ್ದು. ಇವೆರಡನ್ನು ಬೇರ್ಪಡಿಸದೆ ನೇರವಾಗಿ ಫಾರ್ಮ್ಯಾಟ್ ಹೊಡೆಯುವ ರೂಢಿ ಎಲ್ಲೆಡೆ ಇದೆ. ಹೆಚ್ಚಿನ ಸಲ ಅದು ವ್ಯರ್ಥ ಶ್ರಮ.

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದಲ್ಲಿ ಗ್ರಾಫಿಕ್ಸ್ ಕಾರ್ಡ್ ಆಟವಾಡುವ ಹುಡುಗರಿಗಷ್ಟೇ ಬೇಕಾದ ವಸ್ತುವಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋಗಳು, ಫ್ಲೆಕ್ಸ್ ವಿನ್ಯಾಸಕರು, ಗಣಿಯ ಮೂರು ಆಯಾಮದ ನಕ್ಷೆ ಬಿಡಿಸುವವರು, ಎಲ್ಲರಿಗೂ ಅದು ಬೇಕು. ಹಂಪಿಯ ಸ್ಮಾರಕಗಳನ್ನು ಡಿಜಿಟಲ್ ರೂಪದಲ್ಲಿ ದಾಖಲಿಸಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಯೋಜನೆಯೊಂದನ್ನು ನಡೆಸಿತು; ಅದರ ಫಲಿತಾಂಶಗಳು 2017ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಗ್ರಂಥವಾಗಿ ಬಂದವು. ಲೇಸರ್ ಸ್ಕ್ಯಾನ್‌ನಿಂದ ಬಂದ ಕೋಟಿಗಟ್ಟಲೆ ಬಿಂದುಗಳನ್ನು ಕಲ್ಲಿನ ಕಂಬವಾಗಿ ಪರದೆಯ ಮೇಲೆ ತಿರುಗಿಸಿ ನೋಡುವ ಇಂಥ ಕೆಲಸಕ್ಕೆ ಒಳ್ಳೆಯ ಕಾರ್ಡ್ ಬೇಕೇ ಬೇಕು.

ಕಾರ್ಡಿನ ಪತ್ತೆ ವಿಂಡೋಸ್ ತೆರೆಯುವ ಮೊದಲೇ ನಡೆಯುತ್ತದೆ. ಸ್ವಿಚ್ ಒತ್ತಿದ ಕೂಡಲೇ ಬಯಾಸ್, ಅಂದರೆ ಮದರ್‌ಬೋರ್ಡಿನಲ್ಲಿರುವ ಆರಂಭಿಕ ತಂತ್ರಾಂಶ, ಪ್ರತಿಯೊಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ‘ಇಲ್ಲಿ ಯಾರಿದ್ದೀರಿ’ ಎಂದು ಕೇಳುತ್ತದೆ. ಕಾರ್ಡ್ ತನ್ನ ತಯಾರಕರ ಸಂಖ್ಯೆಯನ್ನು ಹೇಳಬೇಕು: ಎನ್ವಿಡಿಯಾಗೆ 10ಡಿಇ, ಎಎಂಡಿಗೆ 1002, ಇಂಟೆಲ್‌ಗೆ 8086. ಉತ್ತರವೇ ಬರದಿದ್ದರೆ ಕಾರ್ಯಾಚರಣಾ ವ್ಯವಸ್ಥೆಯ ಪಾಲಿಗೆ ಆ ಸ್ಲಾಟ್ ಖಾಲಿ. ಆಗ ಎಷ್ಟು ಡ್ರೈವರ್ ಹಾಕಿದರೂ ಉಪಯೋಗವಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಬಯಾಸ್ ಪುಟವನ್ನು. ಲಿನಕ್ಸ್‌ನಲ್ಲಾದರೆ ‘ಎಲ್‌ಎಸ್‌ಪಿಸಿಐ’ ಆದೇಶ ಕಾರ್ಡ್ ಉತ್ತರಿಸಿದೆಯೇ ಎಂಬುದನ್ನು ಒಂದೇ ಸಾಲಿನಲ್ಲಿ ತೋರಿಸುತ್ತದೆ.

ಉತ್ತರ ಬಾರದಿರಲು ಸಾಮಾನ್ಯ ಕಾರಣ ಸಡಿಲ ಸಂಪರ್ಕ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ, ಬಸ್ಸಿನ ಡಿಕ್ಕಿಯಲ್ಲೋ ಹಂಪಿ ಎಕ್ಸ್‌ಪ್ರೆಸ್ಸಿನಲ್ಲೋ ಹೊಸಪೇಟೆಗೆ ತಂದ ಕಂಪ್ಯೂಟರಿನಲ್ಲಿ ಭಾರದ ಕಾರ್ಡ್ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಸಾಕು. ಎರಡನೆಯದು ಧೂಳು. ಅದಿರಿನ ಲಾರಿಗಳು ಓಡಾಡುವ ಸಂಡೂರು, ತೋರಣಗಲ್ಲು ರಸ್ತೆಗಳ ಬದಿಯ ಅಂಗಡಿಗಳಲ್ಲಿ ಕ್ಯಾಬಿನೆಟ್ ತೆರೆದರೆ ಫ್ಯಾನಿನ ರೆಕ್ಕೆಗಳಿಗೆ ಕೆಂಪು ಪುಡಿ ಅಂಟಿರುತ್ತದೆ. ಅದು ಸ್ಲಾಟಿಗಿಳಿದು ಮಳೆಗಾಲದ ತೇವದೊಂದಿಗೆ ಸೇರಿದರೆ ಸಂಪರ್ಕ ಕೆಡುತ್ತದೆ. ಕರೆಂಟಿನ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಂಡು ಕಾರ್ಡ್ ತೆಗೆಯಬೇಕು. ಸ್ಲಾಟಿನ ತುದಿಯ ಕೊಂಡಿ ಬಿಡಿಸುವುದು ಮರೆತು ಎಳೆದರೆ ಅದು ಮುರಿಯುತ್ತದೆ. ಚಿನ್ನದ ಬಣ್ಣದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ ಪದ್ಧತಿ. ಐಸೋಪ್ರೊಪೈಲ್ ಆಲ್ಕೋಹಾಲ್ ಅದಕ್ಕಿಂತ ಮೇಲು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಬೇಕು, ಇಲ್ಲವಾದರೆ ಮಿತಿಮೀರಿದ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ.

ಮೂರನೆಯ ಕಾರಣ ವಿದ್ಯುತ್ ಕೊರತೆ. ಸ್ಲಾಟ್ ಕೊಡುವ ವಿದ್ಯುತ್ ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ 6 ಪಿನ್ನಿನ (75 ವ್ಯಾಟ್) ಅಥವಾ 8 ಪಿನ್ನಿನ (150 ವ್ಯಾಟ್) ಕೇಬಲ್ ಬೇರೆಯಾಗಿ ಹಾಕಬೇಕು. ಪ್ರೊಸೆಸರಿನ 8 ಪಿನ್ನಿನ ಕೇಬಲ್ ನೋಡಲು ಇದರಂತೆಯೇ ಇದ್ದರೂ ಅದರ ಧ್ರುವಗಳು ಬೇರೆ, ಬಲವಂತವಾಗಿ ತುರುಕಬಾರದು.

ಬಯಾಸ್ ಆಯ್ಕೆಯೂ ಅಡ್ಡಿಯಾಗಬಹುದು: 2012ಕ್ಕೂ ಹಿಂದಿನ ಹಲವು ಕಾರ್ಡುಗಳಿಗೆ ಬಯಾಸ್‌ನಲ್ಲಿ ‘ಸಿಎಸ್‌ಎಂ’ ಎಂಬ ಹಳೆಯ ಬಯಾಸ್ ಹೊಂದಾಣಿಕೆಯ ಆಯ್ಕೆ ಚಾಲೂ ಇರಬೇಕು. ಮಾನಿಟರ್ ಕೇಬಲನ್ನು ಕಾರ್ಡಿಗೆ ಚುಚ್ಚದೆ ಮದರ್‌ಬೋರ್ಡಿಗೆ ಚುಚ್ಚಿ, ‘ಕಾರ್ಡ್ ಕೆಲಸ ಮಾಡುತ್ತಿಲ್ಲ’ ಎನ್ನುವವರೂ ಕಡಿಮೆಯಿಲ್ಲ.

ಬಯಾಸ್ ಗುರುತಿಸಿದ ಮೇಲೂ ವಿಂಡೋಸ್ ತಕರಾರು ಮಾಡಿದರೆ ಡಿವೈಸ್ ಮ್ಯಾನೇಜರ್‌ನ ಕೋಡ್ ನೋಡಬೇಕು. ಕೋಡ್ 12 ಎಂದರೆ ಕಾರ್ಡಿಗೆ ಬೇಕಾದ ವಿಳಾಸ ಸ್ಥಳ ಮುಂತಾದ ಸಂಪನ್ಮೂಲ ಸಾಲದು. ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇನ್‌ಸ್ಟಾಲ್ ನಡುವೆ ಕರೆಂಟು ಹೋಗಿ ಡ್ರೈವರ್ ಅರ್ಧಂಬರ್ಧ ಕೂತಿದ್ದರೆ ಸೇಫ್ ಮೋಡಿನಲ್ಲಿ ಹಳೆಯದನ್ನು ಪೂರ್ತಿ ಅಳಿಸಿ, ತಯಾರಕರ ತಾಣದಿಂದ ಹೊಸದನ್ನು ಹಾಕಬೇಕು. ಲಿನಕ್ಸ್‌ನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಎನ್ವಿಡಿಯಾ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಕಥೆ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಡವಾದ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಮೈನಿಂಗ್‌ಗೆಂದು ಒಳಗಿನ ಬಯಾಸ್ ಬದಲಿಸಿದ ಕಾರ್ಡನ್ನು ಮಾಮೂಲಿ ಡ್ರೈವರ್ ಒಪ್ಪದಿರಬಹುದು. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಹಲವನ್ನು ‘ಫೇಕ್’ ಎಂದೇ ತೋರಿಸುತ್ತದೆ.

ಇಷ್ಟಾದರೂ ಕಾಣದ ಕಾರ್ಡನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಬೇಕು. ಅಲ್ಲಿ ಕಂಡರೆ ದೋಷ ಮೊದಲ ಕಂಪ್ಯೂಟರಿನ ಸ್ಲಾಟ್, ಪವರ್ ಸಪ್ಲೈ ಅಥವಾ ಬಯಾಸ್‌ನದು. ಅಲ್ಲೂ ಕಾಣದಿದ್ದರೆ ಬಹುತೇಕ ಕಾರ್ಡಿನದೇ. ವಾರಂಟಿ ಅವಧಿ ಉಳಿದಿದ್ದರೆ ರಿಪೇರಿ ಅಂಗಡಿಯ ಹಾಟ್ ಏರ್ ಗನ್ನಿನ ಪ್ರಯೋಗಕ್ಕೆ ಬಿಡದೆ, ಬಿಲ್ಲಿನೊಂದಿಗೆ ಸರ್ವಿಸ್ ಸೆಂಟರಿಗೆ ಕಳಿಸುವುದು ಲೇಸು.