ಶೇಡಬಾಳದ ಮಾಸ್ತರರೂ ನಮ್ಮ ಹೊಸ ಕತೆಗಾರರೂ

ಕತೆ ಕೇಳುವ ಹಂಬಲ ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದು; ಕತೆ ಬರೆಯುವ ಹಂಬಲ ಮಾತ್ರ ಕೆಲವರನ್ನೇ ಹಿಡಿಯುತ್ತದೆ. ಹಿಡಿದ ಮೇಲೆ ಸುಲಭವಾಗಿ ಬಿಡುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ತರುಣ ತರುಣಿಯರಲ್ಲಿ ಈ ಹಂಬಲಕ್ಕೆ ಒಳಗಾದವರು ಇಂದಿಗೂ ಕಡಿಮೆಯೇನಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನ್ನಂಥವರ ಕೈಗೆ ಅವರ ಹಸ್ತಪ್ರತಿಗಳು ಆಗಾಗ ಬರುತ್ತಲೇ ಇರುತ್ತವೆ. ಅವುಗಳ ಜೊತೆಗೆ ಬರುವ ಸಂಶಯಗಳೂ ಹೆಚ್ಚು ಕಡಿಮೆ ಒಂದೇ ಬಗೆಯವು. ‘ನಮ್ಮ ಮಾತು ಶುದ್ಧ ಕನ್ನಡವಲ್ಲ, ಅರ್ಧ ಮರಾಠಿ, ಇದರಲ್ಲಿ ಬರೆದರೆ ಯಾರು ಓದಿಯಾರು?’ ಎಂಬುದು ಮೊದಲನೆಯದು. ‘ನಾವು ಬಹಳ ಓದಿದವರಲ್ಲ, ಬೆಂಗಳೂರು ಧಾರವಾಡಗಳಲ್ಲಿ ಇದ್ದವರೂ ಅಲ್ಲ’ ಎಂಬುದು ಎರಡನೆಯದು. ‘ನಮ್ಮ ಊರಲ್ಲಿ ಬರೆಯುವಂಥದಾದರೂ ಏನಿದೆ?’ ಎಂಬುದು ಮೂರನೆಯದು.

ಈ ಮೂರು ಪ್ರಶ್ನೆಗಳಿಗೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಇತಿಹಾಸದಿಂದ ಉತ್ತರ ಕೊಡಿಸುವುದು ಲೇಸು. ಏಕೆಂದರೆ ಇವೇ ಪ್ರಶ್ನೆಗಳು ನಮ್ಮ ಹಿರಿಯರ ಮುಂದೆಯೂ ನಿಂತಿದ್ದವು. ಅವರು ಅವಕ್ಕೆ ಬಾಯಿಂದಲ್ಲ, ಬರೆಹದಿಂದ ಉತ್ತರ ಹೇಳಿದರು.

ಹತ್ತೊಂಬತ್ತನೆಯ ಶತಮಾನದ ಮಾತು. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ನಾಡಿನಲ್ಲಿ ಕನ್ನಡವು ಮನೆಯ ಮಾತು, ಹೊಲದ ಮಾತು. ಶಾಲೆ ಕಚೇರಿಗಳಲ್ಲಿ ಮಾತ್ರ ಮರಾಠಿಯದೇ ಮೇಲುಗೈ. ಅಕ್ಷರಸ್ಥನಾದವನು ಕನ್ನಡದಲ್ಲಿ ಬರೆಯಲು ನಾಚುತ್ತಿದ್ದ ಕಾಲವದು. ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆಗಳು ಬರುವಂತೆ ದುಡಿದರು. ಶಾಲೆ ತೆರೆದರೆ ಸಾಲದು, ಓದಲು ಏನಾದರೂ ಬೇಕಲ್ಲ! ಅವರು 1871ರಲ್ಲಿ ಷೇಕ್ಸ್‌ಪಿಯರನ ಒಂದು ಪ್ರಹಸನವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಹೆಸರನ್ನು ನೋಡಿದರೇ ಸಾಕು, ವಾಚಕನನ್ನು ಅವರು ಹೇಗೆ ಕರೆದರೆಂಬುದು ತಿಳಿಯುತ್ತದೆ. ಪಾಂಡಿತ್ಯದ ಬಾಗಿಲಿನಿಂದಲ್ಲ, ನಗೆಯ ಬಾಗಿಲಿನಿಂದ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಒಳ್ಳೆಯ ಕನ್ನಡ ಪುಸ್ತಕಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನು ಅದು ಹಾಕಿತು. ಆ ಬಹುಮಾನದ ಬೆಳಕಿನಲ್ಲಿ ಮೇಲೆ ಬಂದವರಲ್ಲಿ ಗಳಗನಾಥರು ಒಬ್ಬರು. 1869ರಿಂದ 1942ರವರೆಗೆ ಬಾಳಿದ ಇವರೂ ವೃತ್ತಿಯಿಂದ ಶಾಲಾ ಮಾಸ್ತರರೇ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳಿಂದ ಇವರು ಧಾರಾಳವಾಗಿ ತಂದರು. ತಂದುದನ್ನು ಕನ್ನಡದ ಮೈಗೆ ಹೊಂದುವಂತೆ ಹೊಲಿದರು. ಮುಂದೆ ವಿಜಯನಗರವನ್ನು ಕುರಿತು ‘ಮಾಧವ ಕರುಣಾ ವಿಲಾಸ’ದಂಥ ಕೃತಿಯನ್ನು ತಾವೇ ಕಟ್ಟಿದರು. ಅಷ್ಟಕ್ಕೇ ನಿಲ್ಲದೆ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ‘ನನ್ನ ಕತೆಯನ್ನು ಯಾರೂ ಅಚ್ಚು ಹಾಕುತ್ತಿಲ್ಲ’ ಎಂದು ಎರಡು ತಿಂಗಳಿಗೇ ನಿರಾಶರಾಗುವ ಗೆಳೆಯರು ಈ ಗಂಟಿನ ಭಾರವನ್ನು ಒಮ್ಮೆ ನೆನೆಯಬೇಕು.

ಮೊದಲು ಹೊರಗಿನಿಂದ ತಂದು ಕಲಿತುಕೊಂಡೆವು, ಸರಿ. ಆದರೆ ನಮ್ಮದೇ ಮಣ್ಣಿನ ಕತೆ ಎಂದು ಬಂತು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕಾಲು ತಾನಾಗಿ ಶೇಡಬಾಳದ ಕಡೆಗೆ ತಿರುಗುತ್ತದೆ. ಅಂದು ಅಥಣಿ ತಾಲ್ಲೂಕಿನಲ್ಲಿದ್ದು, ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಈ ಊರಲ್ಲಿ 1918ರಲ್ಲಿ ಮಿರ್ಜಿ ಅಣ್ಣಾರಾಯರು ಹುಟ್ಟಿದರು. ಮುಲ್ಕಿಯವರೆಗೆ ಓದಿ ಪ್ರಾಥಮಿಕ ಶಾಲೆಯ ಶಿಕ್ಷಕರಾದರು. ಪದವಿಯಿಲ್ಲ, ಪಟ್ಟಣದ ಸಾಹಿತ್ಯಗೋಷ್ಠಿಗಳ ನೆರಳಿಲ್ಲ. ಮನೆಯ ಸುತ್ತ ಒಕ್ಕಲುತನ, ಕಿವಿಯ ತುಂಬ ಗಡಿಯ ಕನ್ನಡ. ಇಷ್ಟೇ ಬಂಡವಾಳದಿಂದ ಅವರು ‘ನಿಸರ್ಗ’ವನ್ನು ಬರೆದರು. ಅದು 1945ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ಗಡಿನಾಡಿನ ಒಕ್ಕಲು ಜೈನರ ಮನೆತನ, ಅವರ ಮದುವೆ ಮುಂಜಿ, ಹಟ ಛಲ, ಕಣ್ಣೀರು, ಎಲ್ಲವೂ ಅಲ್ಲಿಯ ಜನ ಆಡುವ ಮಾತಿನಲ್ಲಿಯೇ ಬಂದವು. ಪ್ರಾದೇಶಿಕ ಕಾದಂಬರಿ ಎಂಬ ಹೆಸರು ಬಳಕೆಗೆ ಬಂದಾಗಲೆಲ್ಲ ವಿಮರ್ಶಕರು ‘ನಿಸರ್ಗ’ವನ್ನು ನೆನೆಯದೆ ಮುಂದೆ ಹೋಗಲಾರದಂತಾಯಿತು. ಹನ್ನೆರಡು ವರ್ಷಗಳ ತರುವಾಯ, 1957ರಲ್ಲಿ, ರಾವಬಹಾದ್ದೂರರ ‘ಗ್ರಾಮಾಯಣ’ ಬಂದಿತು.

ಅಣ್ಣಾರಾಯರು ಒಂದಕ್ಕೇ ನಿಲ್ಲಲಿಲ್ಲ. ‘ರಾಮಣ್ಣ ಮಾಸ್ತರು’, ‘ಅಶೋಕ ಚಕ್ರ’ ಮೊದಲಾದ ಕಾದಂಬರಿಗಳನ್ನು ಬರೆದರು. ‘ಜೈನಧರ್ಮ’ದಂಥ ವಿದ್ವತ್ಪೂರ್ಣ ಗ್ರಂಥವನ್ನೂ ರಚಿಸಿದರು. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಾಲೇಜಿನ ಪಂಡಿತರೂ ತಲೆದೂಗುವಷ್ಟು ಕೆಲಸವನ್ನು ಮಾಡಿಟ್ಟಿದ್ದರು. ಎರಡನೆಯ ಸಂಶಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಹೆಚ್ಚು ಓದುವುದು ಬೇಡವೆಂದು ಇದರ ಅರ್ಥವಲ್ಲ. ಅಣ್ಣಾರಾಯರು ಪರೀಕ್ಷೆಗಾಗಿ ಓದಿದ್ದು ಕಡಿಮೆ. ಬಾಳಿಗಾಗಿ ಓದಿದ್ದು ಬಹಳ.

ಅವರ ನೆರೆಹೊರೆಯನ್ನೂ ನೋಡಿರಿ. ಗೋಕಾಕದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು ಮನೆಮನೆಯ ಹೆಣ್ಣುಮಕ್ಕಳ ಕೈ ಸೇರಿದವು. ‘ಕುಲವಧು’ 1963ರಲ್ಲಿ ಚಲನಚಿತ್ರವಾಯಿತು. ಅವರದೇ ಕತೆಯಿಂದ ಮೂಡಿದ ‘ಸನಾದಿ ಅಪ್ಪಣ್ಣ’ 1977ರಲ್ಲಿ ತೆರೆಗೆ ಬಂತು. ಅದೇ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಪತ್ರಿಕೆಗಳಲ್ಲಿ ದುಡಿಯುತ್ತಲೇ ‘ಜ್ವಾಲಾಮುಖಿಯ ಮೇಲೆ’ ಬರೆದು, 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದರು. ನಿಪ್ಪಾಣಿಯಲ್ಲಿ ಮಹಾದೇವ ಮೋರೆಯವರು ಹಿಟ್ಟಿನ ಗಿರಣಿ ನಡೆಸುತ್ತ ಮರಾಠಿಯಲ್ಲಿ ಕತೆ ಕಾದಂಬರಿಗಳನ್ನು ಬರೆದರು. 2024ರಲ್ಲಿ ಅವರು ತೀರಿಕೊಂಡಾಗ ಮರಾಠಿಗರು ಅವರನ್ನು ದುಡಿಯುವವರ ಕತೆಗಾರನೆಂದು ನೆನೆದರು. ಮಾಸ್ತರ, ಪತ್ರಿಕಾಕರ್ತ, ಗಿರಣಿಯವ! ಬರೆಯುವುದಕ್ಕೆ ಬಿಡುವು ಯಾರಿಗೂ ತಾನಾಗಿ ಸಿಕ್ಕಿರಲಿಲ್ಲ. ಅದನ್ನು ಅವರು ಕದ್ದು ತಂದರು.

ಇನ್ನು ಭಾಷೆಯ ಪ್ರಶ್ನೆ. ಇದೇ ಎಲ್ಲಕ್ಕಿಂತ ಕಠಿಣವಾದದ್ದು. ಇದಕ್ಕೆ ಉತ್ತರವೂ ನಮ್ಮ ಚಿಕ್ಕೋಡಿ ಸೀಮೆಯಿಂದಲೇ ಬಂದಿದೆ. ದೂಧಗಂಗೆಯ ದಂಡೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರ ಹೆಸರನ್ನು ಪ್ರಾಕೃತ ಬಲ್ಲವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಗೌರವದಿಂದ ಹೇಳುತ್ತಾರೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಇವರು 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1943ರಲ್ಲಿ ಇವರು ಹರಿಷೇಣನ ‘ಬೃಹತ್ಕಥಾಕೋಶ’ವನ್ನು ಸಂಪಾದಿಸಿ ಹೊರತಂದರು. ಹತ್ತನೆಯ ಶತಮಾನದ ಈ ಗ್ರಂಥದಲ್ಲಿ 157 ಕತೆಗಳಿವೆ. ನಮ್ಮ ‘ವಡ್ಡಾರಾಧನೆ’ಯ 19 ಕತೆಗಳೂ ಇದೇ ದೊಡ್ಡ ಬಳ್ಳಿಗೆ ಬಿಟ್ಟ ಹೂಗಳೆಂಬುದನ್ನು ಅವರ ಪೀಠಿಕೆ ಓದಿದವರು ಬಲ್ಲರು. ಕತೆ ಹೇಳುವುದರಲ್ಲಿ ಕನ್ನಡ ಗದ್ಯಕ್ಕೆ ಸಾವಿರ ವರ್ಷದ ರೂಢಿಯಿದೆ. ನಿನ್ನೆ ಮೊನ್ನೆ ಇಂಗ್ಲಿಷಿನಿಂದ ಕಲಿತ ಕಸುಬಲ್ಲ ಇದು.

ಉಪಾಧ್ಯೆಯವರು ಸಂಪಾದಿಸಿದ ಇನ್ನೊಂದು ಗ್ರಂಥ ಉದ್ಯೋತನ ಸೂರಿಯ ‘ಕುವಲಯಮಾಲಾ’. ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರಿನಲ್ಲಿ ರಚಿತವಾದ ಪ್ರಾಕೃತ ಕಥಾಗ್ರಂಥವಿದು. ಇದರಲ್ಲಿ ಒಂದು ಪೇಟೆಯ ವರ್ಣನೆ ಬರುತ್ತದೆ. ಲಾಟ, ಮಾಳವ, ಗುರ್ಜರ, ಕರ್ಣಾಟ, ಮಹಾರಾಷ್ಟ್ರ, ಆಂಧ್ರ ಮೊದಲಾದ ದೇಶಗಳ ವ್ಯಾಪಾರಿಗಳು ಅಲ್ಲಿ ನೆರೆದಿದ್ದಾರೆ. ಕವಿ ಒಬ್ಬೊಬ್ಬರ ಮೈಕಟ್ಟು, ಸ್ವಭಾವ ಹೇಳಿ, ಒಬ್ಬೊಬ್ಬರ ಬಾಯಿಂದಲೂ ಅವರವರ ನಾಡಿನ ಮಾತಿನ ಒಂದು ತುಣುಕನ್ನು ಆಡಿಸುತ್ತಾನೆ. ಎಲ್ಲರಿಗೂ ಶುದ್ಧ ಪ್ರಾಕೃತವನ್ನು ತೊಡಿಸುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಪೇಟೆ ಸತ್ತುಹೋಗುತ್ತಿತ್ತು.

ಹನ್ನೆರಡು ಶತಮಾನಗಳ ಹಿಂದಿನ ಆ ಪೇಟೆಯನ್ನು ನೋಡಲು ನಮ್ಮವರು ಜಾಲೋರಿಗೆ ಹೋಗಬೇಕಿಲ್ಲ. ಮೀರಜದಲ್ಲಿ ಬೆಳಗಾವಿಯ ಗಾಡಿ ಹತ್ತಿ ಕೂತರೆ ಸಾಕು. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ಒಂದೊಂದು ನಿಲ್ದಾಣ ದಾಟಿದಂತೆ ಡಬ್ಬಿಯೊಳಗಿನ ಮಾತಿನ ಬಣ್ಣ ತಿರುಗುತ್ತ ಹೋಗುತ್ತದೆ. ಒಂದೇ ಹೆಂಗಸು ಮಗ್ಗುಲಲ್ಲಿ ಕೂತ ಬೀಗತಿಯೊಡನೆ ಮರಾಠಿ, ಮಗನೊಡನೆ ಕನ್ನಡ ಆಡುತ್ತಾಳೆ. ಇದು ಅಶುದ್ಧಿಯಲ್ಲ, ಶ್ರೀಮಂತಿಕೆ. ನಮ್ಮ ತುಪ್ಪ ಮರಾಠಿಗೆ ಹೋಗಿ ತೂಪವಾಯಿತು. ಅವರ ಕಾಳಜಿ ನಮ್ಮಲ್ಲಿಗೆ ಬಂದು ಕಾಳಜಿಯಾಗಿಯೇ ಉಳಿದು, ಇಂದು ಮೈಸೂರಿನವರ ಬಾಯಲ್ಲೂ ಓಡಾಡುತ್ತಿದೆ. ಗಡಿಯವರು ಬಳಸಿ ಬಳಸಿ ಹದ ಮಾಡಿದ ಮಾತನ್ನೇ ಒಳನಾಡಿನವರು ಮುಂದೆ ತಮ್ಮದೆನ್ನುತ್ತಾರೆ.

ಹೊಸ ಕತೆಗಾರರ ಹಸ್ತಪ್ರತಿಗಳಲ್ಲಿ ನಾನು ಮೇಲಿಂದ ಮೇಲೆ ಕಾಣುವ ದೋಷವೊಂದಿದೆ. ರಾತ್ರಿ ತಡವಾಗಿ ಬಂದ ಮಗನಿಗೆ ತಾಯಿ, ‘ಮಗನೇ, ಬಂದೆಯಾ? ಊಟಮಾಡಿ ಮಲಗಿಕೋ’ ಎನ್ನುತ್ತಾಳೆ. ರಾಯಬಾಗದ ಯಾವ ತಾಯಿ ಹೀಗೆ ಮಾತಾಡಿದ್ದಾಳೆ? ‘ಬಂದ್ಯಾ ತಮ್ಮಾ? ಎಷ್ಟೊತ್ತ ಮಾಡೀಯೋ! ಉಂಡ ಮಲಕ್ಕೋ’ ಎನ್ನುತ್ತಾಳೆ. ಆ ‘ತಮ್ಮಾ’ ಎಂಬ ಒಂದು ಕರೆಯಲ್ಲಿ ಇರುವ ಮಮತೆಯನ್ನು ಪಠ್ಯಪುಸ್ತಕದ ‘ಮಗನೇ’ ಹೊರಲಾರದು. ಹಾಗೆಂದು ಪ್ರತಿ ಅಕ್ಷರವನ್ನೂ ತಿರುಚಿ ಬರೆದು ವಾಚಕನ ನಾಲಗೆ ಹೊರಳದಂತೆ ಮಾಡುವುದೂ ಜಾಣತನವಲ್ಲ. ನಿರೂಪಣೆ ತಿಳಿಯಾಗಿರಲಿ, ಸಂಭಾಷಣೆ ಊರಿನದಾಗಿರಲಿ; ಬರೆದುದನ್ನು ಗಟ್ಟಿಯಾಗಿ ಓದಿ, ನಿಮ್ಮ ಅವ್ವನಿಗೋ ಅಜ್ಜಿಗೋ ಕೇಳಿಸಿರಿ. ಅವರು ನಕ್ಕ ಕಡೆ ನಗೆ ತಕ್ಕದ್ದೇ ಎಂದು ನೋಡಿಕೊಳ್ಳಿರಿ.

ಉಳಿದದ್ದು ವಸ್ತುವಿನ ಮಾತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳ ಬೆರಳು ಎಲೆಯನ್ನು ಮಡಿಸುವ ಬಗೆ, ತಂಬಾಕಿನ ಘಾಟು ಅಡರಿದ ಅವಳ ಸೀರೆ, ಸಂಜೆಗೆ ಎಣಿಸಿಕೊಡುವಾಗಿನ ಚೌಕಾಸಿ ನಿಮಗೆ ಗೊತ್ತು. ಬೆಂಗಳೂರಿನ ಕತೆಗಾರನಿಗೆ ಗೊತ್ತಿಲ್ಲ. 1981ರಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕೂತದ್ದು, ಗೋಲೀಬಾರಿನಲ್ಲಿ ರೈತರು ಸತ್ತದ್ದು ನಿಮ್ಮ ಮನೆಯ ಹಿರಿಯರಿಗೆ ಇನ್ನೂ ನೆನಪಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಅಥಣಿ, ಕಾಗವಾಡ, ರಾಯಬಾಗದ ಹಳ್ಳಿಗಳನ್ನು ನುಂಗಿದಾಗ ನಿಮ್ಮ ಓಣಿಯವರು ಮೊದಲು ಯಾವ ಸಾಮಾನು ಎತ್ತಿಕೊಂಡು ಓಡಿದರು? ದನದ ಕಣ್ಣಿಯನ್ನು ಯಾರು ಬಿಚ್ಚಿದರು? ಇಂಥದನ್ನು ಕೇಳಿ ಬರೆದಿಟ್ಟುಕೊಂಡವನಿಗೆ ವಸ್ತುವಿನ ಬರ ಬಂದೀತೆ? ಅಥಣಿಯಲ್ಲಿ ತಲೆಮಾರುಗಳಿಂದ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಜಗತ್ತಿನ ಪೇಟೆಗೆ ಹೋಯಿತು; 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಬಂದಾಗ ಕರ್ನಾಟಕದ ಜಿಲ್ಲೆಗಳಿಗೂ ಅದರಲ್ಲಿ ಪಾಲು ದೊರೆಯಿತು. ಹೊಲಿದವನ ಹೆಸರು ಒಂದು, ಮಾರಿದ ಹೆಸರು ಇನ್ನೊಂದು: ಇದೊಂದೇ ಸಂಗತಿಯಲ್ಲಿ ಒಂದು ಕಾದಂಬರಿ ಕಾಲು ಚಾಚಿ ಮಲಗಿದೆ.

ಇನ್ನೊಂದು ಎಚ್ಚರ. ಬಡವನನ್ನು ಕಂಡಕೂಡಲೆ ಅಳುವುದು, ಕೊನೆಗೆ ಒಂದು ನೀತಿ ಹೇಳಿ ಮುಗಿಸುವುದು ಹೊಸಬರಿಗೆ ಬಹಳ ಪ್ರಿಯ. ಕಷ್ಟವನ್ನು ತೋರಿಸಿರಿ, ಕಣ್ಣೀರನ್ನು ವಾಚಕನಿಗೆ ಬಿಡಿರಿ. ಮೊದಲ ಕರಡನ್ನು ಒಂದು ತಿಂಗಳು ಪೆಟ್ಟಿಗೆಯಲ್ಲಿಟ್ಟು ತೆಗೆದು ನೋಡಿದರೆ ಅರ್ಧ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಅಚ್ಚಿನ ವಿಷಯದಲ್ಲಿಯೂ ಇತಿಹಾಸ ಧೈರ್ಯ ಹೇಳುತ್ತದೆ. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಅದನ್ನು ನಿಲ್ಲಿಸಿದವರು ಧನಿಕರಲ್ಲ. ವರ್ಷದ ಚಂದಾ ಕೊಟ್ಟು ಪುಸ್ತಕ ತರಿಸಿಕೊಂಡ ಮಾಸ್ತರರು, ಗುಮಾಸ್ತರು, ಓದುಬರಹ ಬಲ್ಲ ಮನೆಯ ಹೆಂಗಸರು. ಆದ್ದರಿಂದ ಕತೆಗಾರನಾಗಬೇಕೆನ್ನುವವನು ಮೊದಲು ಒಬ್ಬ ಚಂದಾದಾರನಾಗಲಿ. ಬೇರೆಯವರ ಪುಸ್ತಕ ಕೊಳ್ಳದವನು ತನ್ನ ಪುಸ್ತಕಕ್ಕೆ ಗಿರಾಕಿಯನ್ನು ಯಾವ ಮುಖದಿಂದ ಹುಡುಕಿಯಾನು?

ನಮ್ಮ ಸೀಮೆಯ ಬಗ್ಗೆ ಬರೆದ ಕಾಗದಗಳಿಗೇನೂ ಕೊರತೆಯಿಲ್ಲ. 1956ರಲ್ಲಿ ರಾಜ್ಯಗಳು ಪುನರ್ರಚನೆಯಾದವು. 1967ರಲ್ಲಿ ಮಹಾಜನ ಆಯೋಗ ತನ್ನ ವರದಿಯನ್ನು ಒಪ್ಪಿಸಿತು. ಅಂದಿನಿಂದ ವಾದ ನಡೆದೇ ಇದೆ. ಆ ಕಾಗದಗಳಲ್ಲಿ ನಮ್ಮ ಹಳ್ಳಿಗಳ ಪಟ್ಟಿಗಳಿವೆ, ಶೇಕಡಾವಾರು ಲೆಕ್ಕಗಳಿವೆ, ಹಳ್ಳಿಗರಿಲ್ಲ. 1940ರ ದಶಕದ ಶೇಡಬಾಳದ ಕಡೆಯ ಒಕ್ಕಲಿಗ ಹೇಗೆ ಮಾತಾಡುತ್ತಿದ್ದ, ಯಾವುದಕ್ಕೆ ಅಂಜುತ್ತಿದ್ದ, ಸೊಸೆಯನ್ನು ಹೇಗೆ ಕರೆಯುತ್ತಿದ್ದ ಎಂದು ಇಂದು ತಿಳಿಯಬೇಕಾದರೆ ಯಾವ ಆಯೋಗದ ವರದಿಯೂ ನೆರವಿಗೆ ಬರುವುದಿಲ್ಲ. ಅಣ್ಣಾರಾಯರ ಕಾದಂಬರಿಯನ್ನೇ ತೆರೆಯಬೇಕು. ಇಂದಿನ ಕಾಗವಾಡ, ಇಂದಿನ ನಿಪ್ಪಾಣಿಗಳ ಮಾತು ಇನ್ನು ಎಂಬತ್ತು ವರ್ಷಗಳ ಮೇಲೆ ಯಾರಿಗಾದರೂ ಕೇಳಿಸಬೇಕಾದರೆ ಈಗ ಯಾರಾದರೂ ಬರೆದಿಡಬೇಕು. ಆ ಕೆಲಸಕ್ಕೆ ಹೊರಗಿನಿಂದ ಯಾರೂ ಬರಲಾರರು. ನಿಮ್ಮ ಊರಿನ ವಾಚನಾಲಯದಲ್ಲಿ ‘ನಿಸರ್ಗ’ ಇದೆಯೋ ಇಲ್ಲವೋ ನಾಳೆಯೇ ವಿಚಾರಿಸಿರಿ. ಇದ್ದರೆ ಓದಿರಿ, ಇಲ್ಲದಿದ್ದರೆ ತರಿಸಲು ಹಟ ಹಿಡಿಯಿರಿ. ಅದನ್ನು ಓದಿ ಮುಗಿಸಿದ ರಾತ್ರಿ ನಿಮ್ಮ ಓಣಿಯ ಒಬ್ಬರನ್ನು ಆರಿಸಿಕೊಂಡು, ಅವರು ಮಾತಾಡುವಂತೆಯೇ ಅವರನ್ನು ಮಾತಾಡಿಸಿ, ಒಂದು ಪುಟ ಬರೆಯಿರಿ.