ಅರಬಿ ಮಲಯಾಳಂ: ನಮ್ಮ ಅಜ್ಜಿಯರ ಅಕ್ಷರ

ದಕ್ಷಿಣ ಕನ್ನಡದ ಮದ್ರಸಗಳಲ್ಲಿ ಕಲಿತ ನಮ್ಮಲ್ಲಿ ಅನೇಕರು ದೀನಿನ ಮೊದಲ ಪಾಠಗಳನ್ನು ಓದಿದ್ದು ಅರಬಿ ಮಲಯಾಳಂನಲ್ಲಿ. ಅದರ ಲಿಪಿ ಅರಬಿ, ಭಾಷೆ ಮಲಯಾಳಂ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಈ ಲಿಪಿ. ಹೀಗೆ ಬೆಳೆದ ನಾವು ಅದರ ಚರಿತ್ರೆಯನ್ನು ವಿಚಾರಿಸಿದ್ದು ವಿರಳ.

ಮಲಬಾರಿನ ಬಂದರುಗಳಿಗೆ ಅರಬ್ ವರ್ತಕರು ಶತಮಾನಗಳ ಕಾಲ ಬಂದುಹೋಗುತ್ತಿದ್ದರು. ಅಲ್ಲಿನ ಮಾಪಿಳ್ಳ ಮುಸ್ಲಿಮರು ಕುರ್‌ಆನ್ ಪಾರಾಯಣಕ್ಕಾಗಿ ಅರಬಿ ಅಕ್ಷರ ಕಲಿಯುತ್ತಿದ್ದರು, ಆಡುತ್ತಿದ್ದುದು ಮಲಯಾಳಂ. ಕಲಿತ ಅಕ್ಷರದಲ್ಲಿಯೇ ಆಡುವ ಮಾತನ್ನು ಬರೆದರು. ಆದರೆ ಅರಬಿಯ 28 ಅಕ್ಷರಗಳಲ್ಲಿ ಪ, ಚ, ಟ, ಣ, ಳ ಧ್ವನಿಗಳಿಗೆ ಸ್ಥಾನವಿಲ್ಲ. ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ, ಮಲಯಾಳಂ ಇಂದಿಗೂ ಉಳಿಸಿಕೊಂಡಿರುವ 'ೞ'ಕಾರಕ್ಕೂ ಇಲ್ಲ. ಇರುವ ಅಕ್ಷರಗಳಿಗೇ ಚುಕ್ಕೆ, ಗುರುತುಗಳನ್ನು ಸೇರಿಸಿ ಆ ಕೊರತೆಯನ್ನು ನೀಗಿಸಲಾಯಿತು.

ಕೋಝಿಕ್ಕೋಡಿನ ಖಾಝಿ ಮುಹಮ್ಮದರು 1607ರಲ್ಲಿ ರಚಿಸಿದ 'ಮುಹ್ಯಿದ್ದೀನ್ ಮಾಲ' ಈ ಸಾಹಿತ್ಯದಲ್ಲಿ ಕಾಲ ತಿಳಿದಿರುವ ಅತ್ಯಂತ ಹಳೆಯ ಕೃತಿ. 1872ರಲ್ಲಿ ಕೊಂಡೋಟಿಯ ಮೋಯಿನ್‌ಕುಟ್ಟಿ ವೈದ್ಯರ್ ಇದೇ ಲಿಪಿಯಲ್ಲಿ ಪ್ರೇಮಕಾವ್ಯ ಬರೆದರು. ಆಗ ಅವರ ವಯಸ್ಸು ಸುಮಾರು 20. 1918ರಲ್ಲಿ ವಕ್ಕಂ ಮೌಲವಿಯವರು 'ಅಲ್ ಇಸ್ಲಾಮ್' ಪತ್ರಿಕೆಯನ್ನು ಹೊರತಂದಾಗಲೂ ಜನರನ್ನು ತಲುಪಲು ಆರಿಸಿಕೊಂಡದ್ದು ಇದನ್ನೇ. ಧರ್ಮವಿಧಿ, ವೈದ್ಯ, ಹಾಡು ಎಲ್ಲವೂ ಈ ಲಿಪಿಯಲ್ಲಿ ಮನೆಯೊಳಗಿನ ಹೆಣ್ಣುಮಕ್ಕಳ ಕೈಸೇರಿದವು.

ಈ ಲಿಪಿಗೆ ಮಿತಿಯೂ ಇತ್ತು. ಇದೊಂದನ್ನೇ ಬಲ್ಲವರಿಗೆ ಕಚೇರಿಯ ಕಾಗದ, ಸಾರ್ವಜನಿಕ ಪತ್ರಿಕೆಗಳು ಓದಲು ಬರುತ್ತಿರಲಿಲ್ಲ. ಮುಸ್ಲಿಮರು ಮಲಯಾಳಂ ಲಿಪಿಯನ್ನು ಕಲಿಯಬೇಕೆಂದು ಮಕ್ತಿ ತಂಙಳ್ (1847–1912) ಒತ್ತಾಯಿಸಿದ್ದು ನ್ಯಾಯವೇ. ಶಾಲೆಗಳು ಹೆಚ್ಚಿದಂತೆ ಲಿಪಿಯ ಬಳಕೆಯೂ ಕುಗ್ಗಿತು.

ಆದರೆ ಒಂದು ಅನ್ಯಾಯವನ್ನು ನಾವು ತಿದ್ದಿಕೊಳ್ಳಬೇಕಾಗಿದೆ. ಶಾಲೆಯ ಅಕ್ಷರ ಬಾರದ ನಮ್ಮ ಅಜ್ಜಿಯಂದಿರನ್ನು 'ಓದು ಬಾರದವರು' ಎಂದು ನಾವೇ ಹೇಳುತ್ತ ಬಂದೆವು. ಮಗ್‌ರಿಬ್ ನಮಾಝಿನ ಬಳಿಕ ದೀಪದ ಮುಂದೆ ಕಿತಾಬು ಬಿಡಿಸಿ ಮಾಲೆಗಳನ್ನು ಓದುತ್ತಿದ್ದವರು ನಿರಕ್ಷರಿಗಳಾಗುವುದು ಹೇಗೆ? ಅವರಿಗೆ ಅಕ್ಷರವಿತ್ತು, ಅದನ್ನು ಅಕ್ಷರವೆಂದು ಎಣಿಸಲು ನಮಗೆ ತಿಳಿಯಲಿಲ್ಲ.

ಅಂತಹ ಕಿತಾಬುಗಳು ಇಂದಿಗೂ ಕೆಲವು ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿವೆ. ಹಳತೆಂದು ಅವುಗಳನ್ನು ವಿಲೇವಾರಿ ಮಾಡುವ ಮುನ್ನ ಓದಬಲ್ಲ ಹಿರಿಯರ ಮುಂದೆ ಇಡೋಣ, ಮಕ್ಕಳನ್ನು ಪಕ್ಕದಲ್ಲಿ ಕೂರಿಸೋಣ. ಪುಟಗಳು ಇನ್ನೂ ಕೆಲವು ಕಾಲ ಉಳಿದಾವು. ಅವುಗಳನ್ನು ಓದಬಲ್ಲ ಕಣ್ಣುಗಳು ಅಷ್ಟು ಕಾಲ ಉಳಿಯಲಾರವು.